ತೋಟದ ಮನೆ ಪಕ್ಕದ ಕೃಷಿ ಹೊಂಡ: ಸಣ್ಣ ಮಕ್ಕಳು, ನಾಯಿ, ಆಡು ಇರುವಲ್ಲಿ ಏನೇನು ಮಾಡಬೇಕು?

ತೋಟದಮನಿ_ತಿಕೋಟಾ

ನಮಸ್ಕಾರ. ತಿಕೋಟಾ ಕಡೆ ದ್ರಾಕ್ಷಿ ತೋಟ. ಮನೆಯಿಂದ 60 ಅಡಿ ದೂರಕ್ಕೆ ಕೃಷಿ ಹೊಂಡ ಇದೆ. ಮೇಲಿನ ಅಳತೆ 21×21 ಮೀಟರ್, ಆಳ 3 ಮೀಟರ್, ಇಳಿಜಾರು 1:1, 500 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ ಹಾಸಿದೆ. ನೆಲದಲ್ಲಿ ಮೇಲಿನ ನಾಲ್ಕಡಿ ಎರೆ (ಕಪ್ಪು ಮಣ್ಣು), ಕೆಳಗೆ ಗರಸು. ಕಾಲುವೆಗೆ ನೀರು ಬಂದಾಗ ಕಂಠಮಟ ತುಂಬಿಸುತ್ತೇವೆ, ಮೇ ಹೊತ್ತಿಗೆ ನಾಲ್ಕೈದು ಅಡಿಗೆ ಇಳಿಯುತ್ತದೆ.

ಮನೆಯಲ್ಲಿ 3 ವರ್ಷದ್ದೊಂದು, 6 ವರ್ಷದ್ದೊಂದು ಮಗು. ಚಾಟಣಿ (ದ್ರಾಕ್ಷಿ ಬಳ್ಳಿ ಕತ್ತರಿಸುವ) ಸಮಯಕ್ಕೆ ಕೆಲಸದವರ ಜತೆ ಇನ್ನೂ ಐದಾರು ಮಕ್ಕಳು ಬರುತ್ತಾರೆ. ಎರಡು ಮುಧೋಳ ನಾಯಿ, 12 ಆಡು. ಈಗಿರುವುದು ಮೂರಡಿ ಕಲ್ಲಿನ ಕಂಬ, ನಾಲ್ಕು ಎಳೆ ಮುಳ್ಳುತಂತಿ. ಪಕ್ಕದ ತೋಟದವರು ಅದಕ್ಕೇ ಹಸಿರು ಶೇಡ್‌ನೆಟ್ ಸುತ್ತಿ ಬಿಟ್ಟಿದ್ದಾರೆ. ನಮ್ಮ ಯಜಮಾನರೂ ಅಷ್ಟೇ ಸಾಕು ಅನ್ನುತ್ತಾರೆ. ನನಗೆ ಧೈರ್ಯ ಬರುತ್ತಿಲ್ಲ. ಹಣ ಒಮ್ಮೆಗೇ ಹೊಂದುವುದಿಲ್ಲ, ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಅಂತ ತಿಳಿದವರು ಅಳತೆ ಸಮೇತ ಹೇಳಿ.


ಒಡ್ಡು_ಬದು

ಅಕ್ಕಾರೆ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಮುಳ್ಳುತಂತಿ ದನಕ್ಕೆ ಮಾಡಿದ್ದು. ಮೂರು ವರ್ಷದ ಕೂಸು ಕೆಳಗಿನ ಎಳೆಯಡಿ ಅಂಬೆಗಾಲಲ್ಲಿ ಹೋಗುತ್ತದೆ, ಆರು ವರ್ಷದ್ದು ನಡುವಿನ ಎಳೆಗಳನ್ನು ಕಾಲಿನಿಂದ ಅಗಲಿಸಿಕೊಂಡು ಹೋಗುತ್ತದೆ. ಅದರ ಮೇಲೆ ಶೇಡ್‌ನೆಟ್ ಸುತ್ತಿದರೆ ಇನ್ನೂ ಎರಡು ತೊಂದರೆ. ಒಳಗೆ ಮಗು ಹೋಗಿದ್ದು ಹೊರಗಿನವರಿಗೆ ಕಾಣುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಬೀಸುವ ಗಾಳಿಗೆ ನೆಟ್ಟು ಹಾಯಿಯಂತೆ ಉಬ್ಬಿ ಕಂಬಗಳನ್ನೇ ಓಲಿಸುತ್ತದೆ, ಎರೆಯಲ್ಲಂತೂ ಒಂದೇ ಹಂಗಾಮಿಗೆ ಸಡಿಲ.

ಅಳತೆಗೆ ಬರೋಣ. ಆಸ್ಟ್ರೇಲಿಯಾದಲ್ಲಿ ಮನೆಯ ಈಜುಕೊಳಕ್ಕೆ ಬೇಲಿ ಕಾನೂನಿನಿಂದಲೇ ಕಡ್ಡಾಯ. ಅಲ್ಲಿನ ಮಾನದಂಡ ನಮ್ಮ ಹೊಂಡಕ್ಕೂ ಚೆನ್ನಾಗಿ ಒಗ್ಗುತ್ತದೆ. ಬೇಲಿಯ ಎತ್ತರ ಕನಿಷ್ಠ 1.2 ಮೀಟರ್. ಆದರೆ ಜಾಳಿಗೆಯ ಕಣ್ಣು 13 ಮಿಲಿಮೀಟರಿಗಿಂತ ದೊಡ್ಡದಿದ್ದರೆ 1.8 ಮೀಟರ್, ಅಂದರೆ ಆರಡಿ ಬೇಕು. 100 ಮಿಲಿಮೀಟರ್ ದಾಟಿದ ಕಣ್ಣನ್ನು ಒಪ್ಪುವುದೇ ಇಲ್ಲ. ಕಾರಣ ಸರಳ: ಅಂಗಡಿಯಲ್ಲಿ ಸಿಗುವ ಎರಡಿಂಚಿನ ಚೈನ್‌ಲಿಂಕ್ ಕಣ್ಣಿನಲ್ಲಿ ಮಗುವಿನ ಕಾಲ್ಬೆರಳು ಹೊಗುತ್ತದೆ, ಅದು ಏಣಿಯೇ ಆಯಿತು.

ಹಾಗಾಗಿ ನಿಮಗೆ: ಎರಡಿಂಚು ಕಣ್ಣಿನ, 12 ಗೇಜಿನ ಜಿಐ ಚೈನ್‌ಲಿಂಕ್, ಆರಡಿ ಎತ್ತರ. ಅದರ ಹೊರಮೈಗೆ ಕೆಳಗಿನಿಂದ ಮೂರು–ನಾಲ್ಕು ಅಡಿವರೆಗೆ ಅರ್ಧ ಇಂಚಿನ ಕೋಳಿ ಜಾಳಿಗೆ ಕಟ್ಟಿ. ಕಾಲಿಡಲು ಆಗುವುದಿಲ್ಲ, ಗಾಳಿ ಹಾಯುತ್ತದೆ, ಒಳಗೆ ಏನಾಗುತ್ತಿದೆ ಎಂಬುದೂ ಮನೆಯಿಂದ ಕಾಣುತ್ತದೆ. ಶೇಡ್‌ನೆಟ್ಟಿಗೆ ಹೋಗುವ ದುಡ್ಡನ್ನು ಇದಕ್ಕೆ ಹಾಕಿ.

ಬೇಲಿಯನ್ನು ಹೊಂಡದ ಅಂಚಿಗೇ ಹಾಕಬೇಡಿ. ಅಂಚಿನಿಂದ ಎರಡು–ಮೂರು ಅಡಿಯೊಳಗೆ ಹಾಳೆಯ ತುದಿ ಹೂತ ಕಾಲುವೆ ಇರುತ್ತದೆ. ಕಂಬದ ಗುಂಡಿ ಅಲ್ಲಿ ತೋಡಿದರೆ ಹಾಳೆ ಹರಿಯುತ್ತದೆ, ಹರಿಯದಿದ್ದರೂ ಹಿಡಿತ ಸಡಿಲವಾಗಿ ತುಂಬಿದ ನೀರಿನ ಭಾರಕ್ಕೆ ಒಳಗೆ ಜಾರುತ್ತದೆ. ಅಂಚಿನಿಂದ 3 ಮೀಟರ್ ಬಿಡಿ. ಆಗ ಸುತ್ತಳತೆ 27×4, ಒಟ್ಟು 108 ಮೀಟರ್, ಸುಮಾರು 354 ಅಡಿ. ನಾಲ್ಕಡಿ ಗೇಟ್ ಕಳೆದರೆ 350 ಅಡಿ. 50 ಅಡಿಯ ಸುರುಳಿ ಲೆಕ್ಕಕ್ಕೆ ಏಳು ಸರಿಹೋಗುತ್ತದೆ, ಮೂಲೆ ಮತ್ತು ಜೋಡಣೆಗೆ ಬೇಕಾಗುವುದರಿಂದ ಎಂಟು ತನ್ನಿ. ಎಂಟಡಿಯ ಸಿಮೆಂಟ್ ಕಂಬ, ಎಂಟಡಿಗೊಂದರಂತೆ 45, ಗೇಟಿಗೆ ಹೆಚ್ಚಿಗೆ 2. ಮೂಲೆಗೆ ಎರಡೆರಡು, ಗೇಟಿನ ಎರಡೂ ಬದಿಗೆ ಒಂದೊಂದು ಓರೆ ಕಂಬ, ಒಟ್ಟು 10. ಇವನ್ನು ಬಿಟ್ಟರೆ ತಂತಿ ಬಿಗಿಯುವಾಗ ಮೂಲೆಕಂಬ ಒಳಕ್ಕೆ ವಾಲಿ, ಜಾಳಿಗೆ ಹೊಟ್ಟೆ ಬಿಡುತ್ತದೆ. ಜಾಳಿಗೆ ಹಿಡಿಯಲು ಮೇಲೆ, ನಡುವೆ, ಕೆಳಗೆ 10 ಗೇಜಿನ ತಂತಿ ಮೂರು ಎಳೆ, ಸುಮಾರು 22 ಕೆಜಿ.

ಗುಂಡಿ ಒಂದಡಿ ಚೌಕ, ಎರಡೂವರೆ ಅಡಿ ಆಳ. ತಳಕ್ಕೆ ಆರಿಂಚು ಗರಸು ಹಾಕಿ ದಮ್ಮಸು ಮಾಡಿ, ಮೇಲೆ ಎರಡಡಿ 1:2:4 (ಸಿಮೆಂಟ್, ಉಸುಕು, ಜಲ್ಲಿ) ಕಾಂಕ್ರೀಟ್. ಒಟ್ಟು 16ರಿಂದ 18 ಚೀಲ ಸಿಮೆಂಟ್ ಹಿಡಿಯುತ್ತದೆ. ಎರೆ ಮಣ್ಣನ್ನೇ ಗುಂಡಿಗೆ ತುಂಬಿ ತುಳಿದರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ, ಮೂರನೇ ವರ್ಷ ಕಂಬವನ್ನು ಕೈಯಿಂದ ಅಲುಗಿಸಬಹುದು. ಎರೆಯ ಬಿರುಕೇ ಇನ್ನೊಂದು ಕಡೆಯೂ ಕೆಡಿಸುತ್ತದೆ: ಏಪ್ರಿಲ್‌ನಲ್ಲಿ ಜಾಳಿಗೆಯ ಕೆಳಗೆ ಮೂರು–ನಾಲ್ಕು ಇಂಚು ಸಂದಿ ಬೀಳುತ್ತದೆ. ಮಣ್ಣು ನೆಲದ ಮೇಲೆ ಎರಡಿಂಚಿಗಿಂತ ಹೆಚ್ಚು ಸಂದಿ ಇರಕೂಡದು. ಕಂಬದಿಂದ ಕಂಬಕ್ಕೆ ಆರಿಂಚು ಆಳದ ಕಾಲುವೆ ಹೊಡೆದು, ಗರಸು ತುಂಬಿ, ಕೋಳಿ ಜಾಳಿಗೆಯ ತುದಿಯನ್ನು ಅದರಲ್ಲಿ ಹೂತುಬಿಡಿ. ನಾಯಿ ಕೆರೆದರೂ ದಾರಿಯಾಗುವುದಿಲ್ಲ.

ಎಲ್ಲರೂ ಮರೆಯುವ ಜಾಗ ಎರಡು. ಒಂದು, ಹೊಂಡ ತೋಡಿದ ಮಣ್ಣಿನ ದಿಬ್ಬ. ಬೇಲಿ ಎತ್ತರ ಅಳೆಯಬೇಕಾದ್ದು ಹೊರಗೆ ಮಗು ನಿಲ್ಲುವ ನೆಲದಿಂದ. ಮೂರಡಿ ದಿಬ್ಬ ಪಕ್ಕದಲ್ಲಿದ್ದರೆ ನಿಮ್ಮ ಆರಡಿ ಬೇಲಿ ಮೂರಡಿಯದ್ದೇ. ದ್ರಾಕ್ಷಿ ಕ್ರೇಟ್, ಡ್ರಿಪ್ ಪೈಪಿನ ಸುರುಳಿ, ಮೋಟರ್ ಪೆಟ್ಟಿಗೆ ಯಾವುದೂ ಬೇಲಿಯಿಂದ ಮೂರಡಿ ಒಳಗಿರಬಾರದು. ಎರಡು, ಮಳೆ ನೀರು ಒಳಗೆ ಬರುವ ಕಾಲುವೆ ಮತ್ತು ಹೂಳು ಗುಂಡಿ. ಸುತ್ತ ಆರಡಿ ಬೇಲಿ ಹಾಕಿ, ಕಾಲುವೆ ಹಾಯುವಲ್ಲಿ ಒಂದೂವರೆ ಅಡಿ ಬಾಯಿ ಬಿಟ್ಟಿರುತ್ತಾರೆ. ಅಲ್ಲಿ 12 ಮಿಲಿಮೀಟರ್ ಕಬ್ಬಿಣದ ಸಲಾಕೆಗಳನ್ನು ನಾಲ್ಕಿಂಚಿಗಿಂತ ಕಡಿಮೆ ಅಂತರದಲ್ಲಿ ಉದ್ದುದ್ದ ನಿಲ್ಲಿಸಿ. ಹೂಳು ಗುಂಡಿಯೂ ಬೇಲಿಯ ಒಳಗೇ ಬರಲಿ. ದೊಡ್ಡ ಮಳೆಯಾದ ಮೇಲೆ ಸಲಾಕೆಗೆ ಸಿಕ್ಕ ಕಸ ತೆಗೆಯದಿದ್ದರೆ ನೀರು ಬದು ಒಡೆದು ಬೇರೆ ದಾರಿ ಹಿಡಿಯುತ್ತದೆ, ಅದೊಂದು ಕೆಲಸ ಇದ್ದದ್ದೇ.

ಇನ್ನು ಗೇಟ್. ಬೇಲಿ ಎಷ್ಟೇ ಗಟ್ಟಿಯಿರಲಿ, ಮಗು ಒಳಗೆ ಹೋಗುವುದು ತೆರೆದ ಗೇಟಿನಿಂದ. ನಾಲ್ಕಡಿ ಅಗಲ, ಆರಡಿ ಎತ್ತರ, ಒಂದೂಕಾಲು ಇಂಚಿನ ಚೌಕ ಪೈಪಿನ ಚೌಕಟ್ಟು, ಅದಕ್ಕೂ ಅದೇ ಜಾಳಿಗೆ. ಹೊರಕ್ಕೆ ತೆರೆಯಬೇಕು, ಮಗು ಒರಗಿ ತಳ್ಳಿದರೆ ಮುಚ್ಚುವಂತಿರಬೇಕು. ಸ್ಪ್ರಿಂಗ್ ಕೀಲು ಹಾಕಿಸಿ, ಇಲ್ಲವೆ ರಾಟೆಗೆ ತಂತಿ ಹಾಯಿಸಿ ಮೂರು–ನಾಲ್ಕು ಕೆಜಿ ಕಲ್ಲು ಇಳಿಬಿಡಿ. ಚಿಲಕ ನೆಲದಿಂದ ನಾಲ್ಕೂವರೆ ಅಡಿ ಮೇಲೆ, ತಾನೇ ಬೀಳುವಂಥದ್ದು. ಪರೀಕ್ಷೆ ಹೀಗೆ: ಗೇಟನ್ನು ಎರಡೇ ಇಂಚು ತೆರೆದು ಕೈಬಿಡಿ. ಪೂರ್ತಿ ಮುಚ್ಚಿ ಚಿಲಕ ಬಿದ್ದ ಸದ್ದು ಕೇಳಬೇಕು. ಪೂರ್ತಿ ತೆರೆದರೆ ಮುಚ್ಚುವ ಗೇಟುಗಳು ಈ ಎರಡಿಂಚಿನಲ್ಲೇ ಸೋಲುವುದು.

ಸ್ಪ್ರೇ ಟ್ಯಾಂಕಿಗೆ ನೀರು ತುಂಬಲು ದಿನಕ್ಕೆ ಹತ್ತು ಸಲ ಯಾರಾದರೂ ಒಳಗೆ ಹೋಗಬೇಕಾದರೆ ಯಾವ ಗೇಟೂ ಉಳಿಯುವುದಿಲ್ಲ, ಕಲ್ಲು ಇಟ್ಟು ತೆರೆದಿಡುತ್ತಾರೆ. ಒಂದು ಪೈಪನ್ನು ಬೇಲಿಯ ಹೊರಗೆ ತಂದು ವಾಲ್ವ್ ಕೂಡಿಸಿ. ಒಳಗೆ ಹೋಗುವ ಕೆಲಸವೇ ಇಲ್ಲದಂತೆ ಮಾಡಿ.

2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡ, ಹಾಳೆ, ಪಂಪ್‌ಸೆಟ್ ಜತೆ ಹೊಂಡದ ಸುತ್ತಲಿನ ತಂತಿ ಬೇಲಿಯೂ ಒಂದು ಘಟಕ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ನಿಮ್ಮ ಹೊಂಡಕ್ಕೆ ಈಗ ಸಿಗುತ್ತದೆಯೇ ಕೇಳಿ. ಆದರೆ ಅಲ್ಲಿಂದ ಬರುವುದಕ್ಕೆ ಕಾಯುತ್ತಾ ಕೂರಬೇಡಿ.


ಗರಸುಭೂಮಿ_ಬಬಲೇಶ್ವರ

ಬೇಲಿ ಲೆಕ್ಕ ಛಲೋ ಕೊಟ್ಟೀರಿ ಸಾಹೇಬ್ರ. ಆದ್ರ ಒಳಗ ಬಿದ್ದವ್ರು ಹೊರಗ ಬರೂ ದಾರಿ ಯಾವ್ದು? ಅದನ್ನ ಯಾರೂ ಹೇಳಂಗಿಲ್ಲ.

ನಮ್ಮ ಕಡೆ ಬಾವ್ಯಾಗ ಈಜು ಕಲತವ್ರ ಭಾಳ. ಬಾವ್ಯಾಗ ಪಾವಟಿಗಿ ಇರ್ತಾವ, ಕಲ್ಲ ಸಂದಿ ಇರ್ತಾವ, ಕೈಗೆ ಏನರ ಸಿಗತೈತಿ. ಹೊಂಡದಾಗ ಏನೂ ಸಿಗೂದಿಲ್ಲ. ಹಾಳಿ ಮ್ಯಾಲ ಪಾಚಿ ಕಟ್ಟಿರ್ತೈತಿ, ಕೈ ಊರಿದ್ರ ಜಾರತೈತಿ, ಕಾಲ ಊರಿದ್ರ ಜಾರತೈತಿ. ಈಜು ಬರವನೂ ಅರ್ಧ ತಾಸು ದಂಡಿಗುಂಟ ಸುತ್ತಿ ಸೋತು ಮುಳಗತಾನ. ಒಬ್ಬನ್ನ ತಗಿಯಾಕ ಹೋದ ಇನ್ನೊಬ್ಬನೂ ಹೋಗೂದು ಇದಕ್ಕ. ನೀರು ಕಡಿಮಿ ಆದ್ರ ಭಯ ಕಡಿಮಿ ಅಂತ ತಿಳೀಬ್ಯಾಡ್ರಿ. ಮೇ ತಿಂಗಳದಾಗ ನಾಕೈದ ಅಡಿ ನೀರು ಇದ್ದಾಗ ಮ್ಯಾಲ ಬರಾಕ ಜಾರೂ ಇಳಕಲು ಇನ್ನೂ ಉದ್ದ ಆಗಿರ್ತೈತಿ.

ಅದಕ್ಕ ಹಗ್ಗ. ಬೇಲಿಗಿಂತ ಮೊದಲ ಇದನ್ನ ಮಾಡ್ರಿ ಅಕ್ಕಾರ, ಒಂದ ದಿನದ ಕೆಲಸ. 16 ಮಿಲಿಮೀಟರ್ ದಪ್ಪಂದು ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಹಗ್ಗ, 100 ಮೀಟರ್ ಸುರುಳಿ ಒಂದ ತರ್ರಿ. ಒಂದೊಂದ ಮಗ್ಗಲಿಗೆ ಎರಡರಂಗ ಎಂಟ ಹಗ್ಗ. ನಿಮ್ಮ ಇಳಕಲು ಮ್ಯಾಲಿಂದ ತಳತನ ಸುಮಾರು ನಾಕೂಕಾಲು ಮೀಟರ್ ಬರತೈತಿ. ದಂಡಿಯಿಂದ ಒಂದೂವರಿ ಮೀಟರ್ ಹೊರಗ, ಹಾಳಿ ಹೂತ ಕಾಲವಿ ದಾಟಿ, ಎರಡಡಿ ಆಳಕ್ಕ ಕಬ್ಬಿಣದ ಆಂಗಲ್ ಇಲ್ಲಾ ಕಲ್ಲ ಹೂತು ಅದಕ್ಕ ಕಟ್ಟರಿ. ಅಡಿಗೊಂದ ಗಂಟ ಹಾಕ್ರಿ. ಗಂಟಿಲ್ಲದ ಹಗ್ಗಕ್ಕ ಪಾಚಿ ಹಿಡದ್ರ ಅದೂ ಜಾರತೈತಿ. ಗಂಟಿಗೇ ಎರಡೂವರಿ ಮೀಟರ್ ಹೋಗತೈತಿ, ಅದಕ್ಕ ಒಂದ ಹಗ್ಗಕ್ಕ 9 ಮೀಟರ್ ಹಿಡೀರಿ. ಎಂಟಕ್ಕ 72 ಆತು. ಉಳದದ್ದನ್ನ ಹೊಂಡದ ಈ ದಂಡಿಯಿಂದ ಆ ದಂಡಿಗೆ ಅಡ್ಡ ಎಳದು, ನಡನಡುವ ಖಾಲಿ ಡಬ್ಬಿ ಕಟ್ಟಿ ನೀರ ಮ್ಯಾಲ ತೇಲಾಕ ಬಿಡ್ರಿ. ನಡುವ ಬಿದ್ದವ್ನಿಗೆ ಅದ ಆಸರ.

ಪಿಪಿ ಯಾಕಂದ್ರ ನೀರಾಗ ತೇಲತೈತಿ, ತುದಿ ಕಣ್ಣಿಗೆ ಕಾಣತೈತಿ. ಬಿಸಲಿಗೆ ಸಾಯತೈತಿ, ಅದು ಅದರ ದೋಷ. ತಿಂಗಳಿಗೊಮ್ಮಿ ಕೈಯಾಗ ಹಿಂಡಿ ನೋಡ್ರಿ, ಹಿಟ್ಟಿನಂಗ ಪುಡಿ ಉದರಿದ್ರ ಬದಲ ಮಾಡ್ರಿ. ಎರಡ ವರ್ಷ ಬಂದ್ರ ಬಾಳ.

ಹಳೀ ಕಾರಿನ ಟೈರ್ ಏಣಿನೂ ಛಲೋ, ಎಂಟ ಟೈರ್ ಒಂದಕ್ಕೊಂದು ಹಗ್ಗದಿಂದ ಬಿಗದು ಇಳಕಲಿಗೆ ಹಾಸೂದು. ತಂತಿಯಿಂದ ಕಟ್ಟಬ್ಯಾಡ್ರಿ, ತಂತಿ ತುದಿ ಹಾಳಿ ಚುಚ್ಚತೈತಿ. ಪ್ರತಿ ಟೈರಿಗೆ ಮೂರನಾಕ ತೂತ ಹೊಡೀರಿ, ಇಲ್ಲಂದ್ರ ನೀರ ಮ್ಯಾಲಿದ್ದ ಟೈರ್‌ನ್ಯಾಗ ಗುಂಗಾಡು ಹುಟ್ಟತಾವ.

ಒಂದ ಮಾತ ಖರೇ ಹೇಳತೀನಿ. ಮೂರ ವರ್ಷದ ಕೂಸಿಗೆ ಈ ಹಗ್ಗ ಉಪಯೋಗಿಲ್ಲ. ಅದು ಹಗ್ಗ ಹಿಡಿಯೂದಿಲ್ಲ, ಕೂಗೂದೂ ಇಲ್ಲ, ಸದ್ದಿಲ್ಲದ ಮುಳಗತೈತಿ. ಹಗ್ಗ ಇರೂದು ದೊಡ್ಡ ಹುಡುಗರಿಗೆ, ಮತ್ತ ಕೂಸನ್ನ ತಗಿಯಾಕ ಇಳಿಯೂ ನಿಮಗ.


ತೋಟದಮನಿ_ತಿಕೋಟಾ

ಹಗ್ಗದ ವಿಚಾರ ನಮಗೆ ಹೊಳೆದೇ ಇರಲಿಲ್ಲ. ನಾಯಿಗಳದ್ದು ಏನು ಮಾಡುವುದು? ಆರಡಿ ಬೇಲಿ ಅವಕ್ಕೆ ಸಾಲುತ್ತದೆಯೇ? ಮತ್ತೆ ನೀರು ಆವಿಯಾಗದಂತೆ ಹೊಂಡದ ಮೇಲೆ ಶೇಡ್‌ನೆಟ್ ಹಾಸಿದರೆ ಸುರಕ್ಷತೆಯೂ ಆಗುತ್ತದೆ ಅಂತ ಒಬ್ಬರು ಹೇಳಿದರು.


ಒಡ್ಡು_ಬದು

ನೆಟ್ ಹಾಸುವುದಾದರೆ ಬೇಲಿ ಆದ ಮೇಲೆ, ನೀರಿನ ಉಳಿತಾಯಕ್ಕಷ್ಟೇ. ಸುರಕ್ಷತೆಗೆ ಅದು ಇಲ್ಲದಿರುವುದಕ್ಕಿಂತ ಕೆಟ್ಟದ್ದು. ನೀರಿನ ಮೇಲೆ ಹಾಸಿದ ನೆಟ್ಟು ಮಗುವಿಗೂ ನಾಯಿಗೂ ನೆಲದಂತೆ ಕಾಣುತ್ತದೆ. ಕಾಲಿಟ್ಟರೆ ಸುತ್ತಿಕೊಂಡು ಮುಳುಗಿಸುತ್ತದೆ, ಮೇಲಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ಹಾಕಲೇಬೇಕೆಂದರೆ ಅಂಚಿನಿಂದ ಅಂಚಿಗೆ ತಂತಿ ಎಳೆದು ನೀರಿನಿಂದ ಎತ್ತರದಲ್ಲಿ ಬಿಗಿಯಾಗಿ ಕಟ್ಟಿ.


ಮುಧೋಳ_ಸೀಮಿ

ನಾಯಿ ವಿಷಯಕ್ಕೆ ನಾನು ಬರೆಯುತ್ತೇನೆ. ಮುಧೋಳ ನಾಯಿ ಕಣ್ಣಿಂದ ಬೇಟೆಯಾಡುವ ಜಾತಿ. ಮೊಲ ಕಂಡರೆ ಮುಂದೆ ಹೊಂಡ ಇದೆಯೋ ಗುಂಡಿ ಇದೆಯೋ ನೋಡುವುದಿಲ್ಲ. ನಾಲ್ಕಡಿ ಬೇಲಿ ಅದಕ್ಕೆ ಲೆಕ್ಕಕ್ಕಿಲ್ಲ. ಆರಡಿ ಇದ್ದರೆ ಸಾಮಾನ್ಯವಾಗಿ ಹಾರುವುದಿಲ್ಲ, ಆದರೆ ಒಡ್ಡು_ಬದು ಅವರು ಹೇಳಿದ ಮಣ್ಣಿನ ದಿಬ್ಬ ಪಕ್ಕದಲ್ಲಿದ್ದರೆ ಹಾರುತ್ತದೆ. ಮೈಯಲ್ಲಿ ಕೊಬ್ಬು ಇಲ್ಲದ ನಾಯಿ, ನೀರಲ್ಲಿ ಬೇಗ ತಣ್ಣಗಾಗಿ ಸೋಲುತ್ತದೆ.

ನಾಯಿಗೆ ಈಜು ಗೊತ್ತು, ಅದು ಸಾಯುವುದು ಹತ್ತಲಾಗದೆ. ಅಂಚಿಗುಂಟ ಸುತ್ತುತ್ತಾ ಕೆರೆಯುತ್ತದೆ, ನಿಮ್ಮ ಹಾಳೆಯೂ ಅಷ್ಟೊತ್ತಿಗೆ ಹರಿದಿರುತ್ತದೆ. ಅದಕ್ಕೆ ಹಗ್ಗ ನಡೆಯುವುದಿಲ್ಲ, ಕಾಲೂರುವ ದಾರಿ ಬೇಕು. 1:1 ಇಳಿಜಾರು ಅಂದರೆ 45 ಡಿಗ್ರಿ, ಒದ್ದೆ ನಾಯಿಗೆ ಅದು ಕಡಿದು. ಹಾಗಾಗಿ ದಾರಿಯನ್ನು ನೇರ ಕೆಳಗೆ ಬಿಡದೆ ಓರೆಯಾಗಿ ಹಾಸಿ. ಮೇಲಿನ ತುದಿ ಒಂದು ಮೂಲೆಯ ಹತ್ತಿರ ಇರಲಿ. ಕೆಳ ತುದಿ ತಳದಲ್ಲಿ ಅಂಚಿಗುಂಟ ನಾಲ್ಕೂಕಾಲು ಮೀಟರ್ ಸರಿದಿರಲಿ. ದಾರಿಯ ಉದ್ದ 6 ಮೀಟರ್ ಆಗುತ್ತದೆ, ಏರು 30 ಡಿಗ್ರಿಗೆ ಇಳಿಯುತ್ತದೆ. ಮೂಲೆಯೇ ಯಾಕೆಂದರೆ ಅಂಚು ಹಿಡಿದು ಈಜುವ ಪ್ರಾಣಿ ಕೊನೆಗೆ ಸಿಕ್ಕಿಕೊಳ್ಳುವುದು ಮೂಲೆಯಲ್ಲೇ.

ಹಾಸಲು ಮೂರಡಿ ಅಗಲದ ತೆಂಗಿನ ನಾರಿನ ಚಾಪೆ. ಗೋಣಿ ಚೀಲ ಒಂದು ಹಂಗಾಮಿಗೇ ಕೊಳೆಯುತ್ತದೆ. ಶೇಡ್‌ನೆಟ್ಟಿನಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ. ಚಾಪೆಗೆ ಅಡ್ಡಲಾಗಿ ಅಡಿಗೊಂದರಂತೆ 20 ಬಿದಿರ ದಬ್ಬೆ ಹೊಲಿಯಿರಿ, ದಬ್ಬೆಯ ತುದಿಗಳನ್ನು ತೀಡಿ ದುಂಡಗೆ ಮಾಡಿ. ಕೆಳಗೆ ಹಳೇ ಹಾಳೆಯ ತುಂಡು ಹಾಸಿದರೆ ಒಳ್ಳೆಯದು. ಓರೆ ಹಾಸಿದ್ದು ಪಕ್ಕಕ್ಕೆ ಜಾರುತ್ತದೆ, ಅದಕ್ಕೇ ಮೇಲಂಚಿಗೆ ನಾಲ್ಕು ಕಡೆ ಹಗ್ಗ ಕಟ್ಟಿ ಹೊರಗಿನ ಗೂಟಕ್ಕೆ ಬಿಗಿಯಿರಿ. ತಳದಲ್ಲಿ ಎರಡು ಉಸುಕಿನ ಚೀಲ. ಚೀಲ ಪ್ಲಾಸ್ಟಿಕ್ಕಿನದಾಗಿರಲಿ, ಬಾಯಿ ಗಟ್ಟಿ ಹೊಲಿದಿರಲಿ.

ದಾರಿ ಹಾಕಿದ ಮೇಲೆ ನಾಯಿಗೆ ತೋರಿಸಬೇಕು. ಇದನ್ನು ಬಿಟ್ಟರೆ ಮಾಡಿದ್ದೆಲ್ಲ ದಂಡ. ನೀರು ಮೇಲಿರುವಾಗ ಉದ್ದ ಹಗ್ಗ ಕಟ್ಟಿ ದಾರಿಯ ಬದಿಯಿಂದಲೇ ಇಳಿಸಿ, ಹತ್ತಿಸಿ. ಮರುದಿನ ಬೇರೆ ಮಗ್ಗಲಿನಿಂದ. ನಾಲ್ಕು ದಿನದಲ್ಲಿ ಎಲ್ಲಿ ಬಿದ್ದರೂ ಅಲ್ಲಿಗೆ ಬರುವುದನ್ನು ಕಲಿಯುತ್ತವೆ.

ಆಡು ಹೊಂಡಕ್ಕೆ ಬರುವುದು ನೀರಡಿಸಿ. ಬೇಸಗೆಯಲ್ಲಿ ಒಂದಕ್ಕೆ ದಿನಕ್ಕೆ ನಾಲ್ಕೈದು ಲೀಟರ್ ಅಂತ ಹಿಡಿದರೆ 12ಕ್ಕೆ 60 ಲೀಟರ್. ಹೊರಗೆ ಒಂದು ಬಾನಿಗೆ ಬಾಲ್‌ವಾಲ್ವ್ ಕೂಡಿಸಿದರೆ ಅವು ಹೊಂಡದ ಕಡೆ ತಲೆ ಹಾಕುವುದಿಲ್ಲ. ಆ ಬಾನಿಯನ್ನು ಮಾತ್ರ ಆಡಿನ ದೊಡ್ಡಿಯ ಒಳಗೇ ಇಡಿ, ಅಂಗಳದಲ್ಲಿ ಬೇಡ. ತಲೆ ಮುಂದಾಗಿ ಬಗ್ಗಿದ ಕೂಸಿಗೆ ಅರ್ಧ ಬಾನಿ ನೀರೂ ಸಾಕು.


ತ್ರೀಫೇಸ್_ಜಮಖಂಡಿ

ಮೋಟರ್ ಬಗ್ಗೆ ಯಾರೂ ಬರೆದಿಲ್ಲ. ಹೊಂಡದಲ್ಲಿ ತೇಲುವ ಸಬ್‌ಮರ್ಸಿಬಲ್ ಇದ್ದರೆ, ಅಥವಾ ದಂಡೆಯ ಮೇಲೆ ಮೊನೊಬ್ಲಾಕ್ ಇದ್ದರೂ, 30 ಮಿಲಿಆಂಪ್‌ನ ನಾಲ್ಕು ಪೋಲ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಬೇಕು. ಫ್ಯೂಸ್, ಎಂಸಿಬಿ ಮೋಟರನ್ನು ಕಾಯುತ್ತವೆ, ಮನುಷ್ಯನನ್ನಲ್ಲ. ಅಂಗಡಿಯವರು 100 ಮಿಲಿಆಂಪ್‌ನದ್ದು ಕೊಡುತ್ತಾರೆ, ಪದೇಪದೇ ಟ್ರಿಪ್ ಆಗುವುದಿಲ್ಲ ಅಂತ. ನೀರಲ್ಲಿ ಇಳಿಯುವ ಜೀವಕ್ಕೆ ಅದು ಕೆಲಸದ್ದಲ್ಲ. 30ರದ್ದು ಟ್ರಿಪ್ ಆಗುತ್ತಿದ್ದರೆ ಕೇಬಲ್ ಜಾಯಿಂಟ್ ಅಥವಾ ವೈಂಡಿಂಗ್ ಸೋರುತ್ತಿದೆ ಎಂದರ್ಥ. ಮೆಗ್ಗರ್‌ನಿಂದ (ಇನ್ಸುಲೇಶನ್ ಅಳೆಯುವ ಮೀಟರ್) ನೋಡಿಸಿ, ಆರ್‌ಸಿಸಿಬಿಯನ್ನು ಬೈಪಾಸ್ ಮಾಡಬೇಡಿ. ನೀರೊಳಗೆ ಜಾಯಿಂಟ್ ಇರಲೇಬಾರದು. ಪಂಪ್ ಲೈನಿನಲ್ಲಿ ನ್ಯೂಟ್ರಲ್ ಇಲ್ಲದಿದ್ದರೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಕೆಲಸ ಮಾಡದೇ ಇರಬಹುದು, ಅದರ ಮೈಮೇಲಿನ ನಕ್ಷೆ ನೋಡಿ ಜೋಡಿಸುವವರ ಕೈಯಲ್ಲಿ ಕೊಡಿ.

ಈಗ ಹೊಸ ಬೇಲಿ ಬರುತ್ತದಲ್ಲ, ಅಲ್ಲಿ ಹೊಸ ಅಪಾಯವೂ ಬರುತ್ತದೆ. ಕೇಬಲನ್ನು ಚೈನ್‌ಲಿಂಕಿಗೆ ಕಟ್ಟುವ ಚಟ ಎಲ್ಲರಿಗೂ ಇದೆ. ಗಾಳಿಗೆ ತಿಕ್ಕಿ ತಿಕ್ಕಿ ಇನ್ಸುಲೇಶನ್ ಹೋಗಿ ಸುತ್ತಲಿನ 350 ಅಡಿ ಬೇಲಿಗೆ ಕರೆಂಟ್ ಬರುತ್ತದೆ. ಕೇಬಲ್ ಪಿವಿಸಿ ಪೈಪಿನಲ್ಲಿ ನೆಲದೊಳಗೆ ಹೋಗಲಿ. ಬೇಲಿಗೆ ಬೇರೆಯಾಗಿ ಒಂದು ಅರ್ಥಿಂಗ್ ಕೊಡಿ. ಸ್ಟಾರ್ಟರ್ ಪೆಟ್ಟಿಗೆ ಬೇಲಿಯ ಹೊರಗೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ.

ಆಟೋ ಸ್ಟಾರ್ಟರ್ ಇದ್ದರೆ ಇನ್ನೊಂದು ಎಚ್ಚರ. ಕರೆಂಟ್ ಹೋಗಿದೆ ಅಂತ ನೀರೊಳಗಿನ ಪೈಪಿನ ತುದಿಯ ಫುಟ್‌ವಾಲ್ವ್ ಕಸ ತೆಗೆಯಲು ಇಳಿದಿರುತ್ತೀರಿ, ಕರೆಂಟ್ ಬಂದ ತಕ್ಷಣ ಮೋಟರ್ ತಾನೇ ಶುರು. ಇಳಿಯುವ ಮೊದಲು ಮೇನ್ ಬಂದ್ ಮಾಡಿ, ಫ್ಯೂಸ್ ಕಿತ್ತು ಕಿಸೆಯಲ್ಲಿಟ್ಟುಕೊಳ್ಳಿ. ಹೊಂಡದ ಸುತ್ತ ಝಟಕಾ ತಂತಿಯನ್ನೂ (ಮುಟ್ಟಿದರೆ ಶಾಕ್ ಕೊಡುವ ಬೇಲಿ) ಹಾಕಬೇಡಿ; ನೀರಿನ ದಂಡೆಯಲ್ಲಿ ಬೆಚ್ಚಿಬಿದ್ದವನು ಬೀಳುವುದು ನೀರಿಗೇ.


ಕೋಟೆಕೆರೆ_ಬೆಳಗಾವಿ

ನಡುವೆ ಬಾಯಿ ಹಾಕುತ್ತಿದ್ದೇನೆ. ಬೆಳಗಾವಿಯಲ್ಲಿ ಮನೆ ಹಿಂದೆ 12×20 ಅಡಿಯ ಟೈಲ್ಸ್ ಈಜುಕೊಳ. ಮೂರು ಕಡೆ ಕಾಂಪೌಂಡ್ ಇದೆ, ನಾಲ್ಕನೇ ಕಡೆ ಮನೆಯ ಹಿಂಬಾಗಿಲು. ಇದಕ್ಕೂ ಬೇಲಿ ಬೇಕೇ?


ಒಡ್ಡು_ಬದು

ಬೇಕು, ನಿಮಗೇ ಹೆಚ್ಚು ಬೇಕು. ಕಾಂಪೌಂಡ್ ಪಕ್ಕದ ಮನೆಯ ಮಕ್ಕಳನ್ನು ತಡೆಯುತ್ತದೆ, ನಿಮ್ಮ ಮನೆಯ ಮಗು ಬರುವುದು ಹಿಂಬಾಗಿಲಿನಿಂದ. ಮನೆಗೂ ಕೊಳಕ್ಕೂ ನಡುವೆ ನಾಲ್ಕನೇ ಬೇಲಿ ಹಾಕಿ. ಉದ್ದುದ್ದ ಸರಳು, ನಡುವೆ ನಾಲ್ಕಿಂಚಿಗಿಂತ ಕಡಿಮೆ ಸಂದಿ, ನಾಲ್ಕಡಿ ಎತ್ತರ ಸಾಕು, ಆದರೆ ನಡುಮಟ್ಟದಲ್ಲಿ ಕಾಲಿಡಲು ಅಡ್ಡಪಟ್ಟಿ ಇರಬಾರದು. ತಳದಲ್ಲಿ ನೀರೆಳೆಯುವ ಜಾಲರಿ ಒಂದೇ ಇದ್ದರೆ ಅದನ್ನು ಬದಲಿಸಿ. ಮಗುವಿನ ಮೈ ಅಥವಾ ಕೂದಲು ಅದನ್ನು ಮುಚ್ಚಿದರೆ ಪಂಪಿನ ಎಳೆತಕ್ಕೆ ದೊಡ್ಡವರೂ ಬಿಡಿಸಲಾರರು. ಎರಡು ಜಾಲರಿ, ಕನಿಷ್ಠ ಮೂರಡಿ ಅಂತರದಲ್ಲಿ, ಎರಡೂ ಒಂದೇ ಪೈಪಿಗೆ ಸೇರಬೇಕು, ಮುಚ್ಚಳ ಉಬ್ಬಿದ ಬಗೆಯದ್ದು. ಗುಳ್ಳೆ ಪ್ಲಾಸ್ಟಿಕ್ಕಿನ ಹೊದಿಕೆಯನ್ನು ಸುರಕ್ಷತೆಗೆ ನಂಬಬೇಡಿ, ಅದು ಶೇಡ್‌ನೆಟ್ಟಿನ ಅಣ್ಣ. ಆಟ ಮುಗಿದ ಮೇಲೆ ಚೆಂಡು, ಗೊಂಬೆ ನೀರಲ್ಲಿ ಬಿಡಬೇಡಿ, ಮಗು ಮರಳಿ ಬರುವುದು ಅದಕ್ಕೇ.


ನರ್ಸಕ್ಕ_ಗುಳೇದಗುಡ್ಡ

ಬಿದ್ದ ಮೇಲಿನ ಮಾತು. ಬೇಲಿಯ ಒಳಗೆ ಗೇಟಿನ ಪಕ್ಕದ ಕಂಬಕ್ಕೆ ಎರಡು ಸಾಮಾನು ಸದಾ ತೂಗಿರಲಿ: 15 ಅಡಿ ಬಿದಿರ ಗಳ, ಮತ್ತು 15 ಮೀಟರ್ ತೆಳು ಹಗ್ಗಕ್ಕೆ ಕಟ್ಟಿದ ಎರಡು ಐದು ಲೀಟರಿನ ಎಣ್ಣೆ ಕ್ಯಾನ್. ಮುಚ್ಚಳ ಬಿಗಿ ಹಾಕಿ, ಎಸೆದರೆ ದೂರ ಹೋಗುವಂತೆ ಒಳಗೆ ಒಂದೊಂದು ಲೋಟ ನೀರು ಬಿಡಿ. ಒಂದು ಕ್ಯಾನ್ ಹೆಚ್ಚುಕಡಿಮೆ ಐದು ಕೆಜಿ ಎತ್ತುತ್ತದೆ. ಒಂದು ಮಗುವಿನ ತಲೆ ನೀರ ಮೇಲಿಡಲು ಸಾಕು, ದೊಡ್ಡವರಿಗೆ ಎರಡೂ ಬೇಕು. ಮೊದಲು ಗಳ ಚಾಚಿ, ಆಗದಿದ್ದರೆ ಕ್ಯಾನ್ ಎಸೆಯಿರಿ. ನೀವೇ ಇಳಿಯುವುದಾದರೆ ಗಂಟಿನ ಹಗ್ಗ ಕೈಯಲ್ಲಿ ಹಿಡಿದೇ ಇಳಿಯಿರಿ.

ಹೊರಗೆ ತಂದ ಕೂಡಲೇ ಉಸಿರು ನೋಡಿ. ಇಲ್ಲದಿದ್ದರೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು 5 ಸಲ ಉಸಿರು ಊದಿ, ಪ್ರತಿ ಸಲ ಎದೆ ಏಳುವುದು ಕಾಣಬೇಕು. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, ಎರಡು ಉಸಿರು, ಮತ್ತೆ 30. ನಿಮಿಷಕ್ಕೆ 100ರಿಂದ 120ರ ವೇಗ. ಮಗುವಿಗೆ ಒಂದೇ ಅಂಗೈ, ಎದೆಯ ಮೂರನೇ ಒಂದು ಪಾಲು, ಸುಮಾರು ಎರಡಿಂಚು ತಗ್ಗಬೇಕು. ಇನ್ನೊಬ್ಬರು 108ಕ್ಕೋ 112ಕ್ಕೋ ಫೋನ್ ಮಾಡಲಿ. ವಾಂತಿ ಬಂದರೆ ಮೈ ಪಕ್ಕಕ್ಕೆ ಹೊರಳಿಸಿ, ಬಾಯಿ ಒರೆಸಿ, ಮತ್ತೆ ಮುಂದುವರಿಸಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ.

ಕಾಲು ಹಿಡಿದು ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು, ಇವೆರಡೂ ಬೇಡ. ಹೊಟ್ಟೆಯ ನೀರು ಶ್ವಾಸಕೋಶಕ್ಕೆ ಹೋಗುತ್ತದೆ, ಉಸಿರು ಕೊಡಬೇಕಾದ ನಿಮಿಷವೂ ಹೋಗುತ್ತದೆ. ಉಪ್ಪಿನ ರಾಶಿಯಲ್ಲಿ ಮಲಗಿಸಿದರೆ ಜೀವ ಬರುತ್ತದೆ ಅಂತ ಮೊಬೈಲಿನಲ್ಲಿ ಬರುತ್ತದಲ್ಲ, ಅದು ಶುದ್ಧ ಸುಳ್ಳು. ಎಚ್ಚರ ತಪ್ಪಿ ಮತ್ತೆ ಎದ್ದು ಕೂತ ಮಗುವನ್ನೂ ದವಾಖಾನೆಗೆ ಒಯ್ಯಲೇಬೇಕು. ಕೆಲವು ತಾಸಿನ ನಂತರ ಉಸಿರಾಟ ಕೆಡಬಹುದು.


ತೋಟದಮನಿ_ತಿಕೋಟಾ

ಎಲ್ಲರಿಗೂ ಶರಣು. ಹಗ್ಗ, ಕ್ಯಾನ್, ಗಳ ಈ ವಾರ. ಆರ್‌ಸಿಸಿಬಿ ಅದರ ಜತೆಗೇ. ಮನೆಯ ಕಡೆಯ ಮಗ್ಗಲು ಮತ್ತು ಗೇಟಿನಿಂದ ಬೇಲಿ ಶುರು ಮಾಡಿ, ಉಳಿದ ಮೂರು ಮಗ್ಗಲು ದ್ರಾಕ್ಷಿ ದುಡ್ಡು ಬಂದ ಮೇಲೆ ಅಂದುಕೊಂಡಿದ್ದೇವೆ. ನಡೆಯುತ್ತದೆಯೇ?


ಒಡ್ಡು_ಬದು

ನಡೆಯುವುದಿಲ್ಲ ಅಕ್ಕಾರೆ. ಒಂದು ಮಗ್ಗಲಿನ ಬೇಲಿಯನ್ನು ಮಗು ಸುತ್ತಿ ಹೋಗುತ್ತದೆ, ನಿಮಗೆ ಮಾತ್ರ ಬೇಲಿ ಇದೆ ಅನ್ನುವ ನೆಮ್ಮದಿ. ದುಡ್ಡು ಕಡಿಮೆ ಇದ್ದರೆ ನಾಲ್ಕೂ ಮಗ್ಗಲಿಗೆ ಕಂಬ, ಚೈನ್‌ಲಿಂಕ್ ಮೊದಲು ಮುಗಿಸಿ. ಕೋಳಿ ಜಾಳಿಗೆ ಮನೆಯ ಕಡೆ ಮಾತ್ರ ಈಗ, ಉಳಿದ ಕಡೆ ಆಮೇಲೆ. ಸಿಮೆಂಟ್ ಕಂಬದ ಬದಲು ನಿಮ್ಮ ಹಳೇ ಚಪ್ಪರದ ಕಲ್ಲಿನ ಕಂಬ ಎಂಟಡಿಯವು ಬಿದ್ದಿದ್ದರೆ ಅವೇ ಆದೀತು, ತಂತಿ ಕಟ್ಟಲು ತೂತು ಕೊರೆಸಿ.


ಗರಸುಭೂಮಿ_ಬಬಲೇಶ್ವರ

ಬೇಲಿ ಆಗೂತನ ಚಾಟಣಿ ಬಂದ್ರ, ಕೆಲಸದ ಹೆಣ್ಣಮಕ್ಕಳಾಗ ಒಬ್ಬಾಕಿಗೆ ಪೂರ್ತಿ ಪಗಾರ ಕೊಟ್ಟು ಮಕ್ಕಳನ್ನ ನೋಡಾಕ ಕುಂಡ್ರಸ್ರಿ, ಹೊಂಡದಿಂದ ದೂರದ ಮಗ್ಗಲಿಗೆ, ನೆರಳಾಗ. ಆಕಿಗೆ ಬ್ಯಾರೆ ಕೆಲಸ ಹಚ್ಚಬ್ಯಾಡ್ರಿ, ಚಾ ಕಾಸಾಕೂ ಸೈತ. ಮೂರು ದಾಟಿದ ಕೂಸುಗಳನ್ನ ಅಂಗನವಾಡಿಗೆ ಬಿಟ್ಟ ಬರಾಕ ಹೇಳ್ರಿ.

ಮತ್ತ ಗೇಟಿಗೆ ಕೀಲಿ ಹಾಕತೀರಲ್ಲ, ಅದರ ಚಾವಿ ಬಾಗಲ ಹಿಂದ ಮೊಳಿಗೆ ಹಾಕೂದಾದ್ರ ಆರಡಿ ಮ್ಯಾಲ ಹೊಡೀರಿ. ಕೆಳಗ ಕುರ್ಚಿ ಇದ್ರ ಅಲ್ಲಿಂದ ತಗೀರಿ.